ಕೈಯಿಂದ ಕೈಗೆ ಹೋದ ಚಾಕು

ಹಾಲಸ್ವಾಮಿ ಚಾಕುವನ್ನು ಮೇಜಿನ ಮೇಲಿಡದೆ ಶಂಭುಲಿಂಗಯ್ಯನವರ ಕೈಗೇ ಕೊಟ್ಟುಬಿಟ್ಟ. ಆ ದಿನ ನಡೆದದ್ದಕ್ಕೆಲ್ಲ ಕಾರಣ ಇಷ್ಟೇ.

ತಿಪಟೂರಿನ ಒಂದು ಕೊಬ್ಬರಿ ಬೆಳೆಗಾರರ ಸಂಘದಲ್ಲಿ ಹಾಲಸ್ವಾಮಿಯದು ತೇವ ನೋಡುವ ಕೆಲಸ. ಬಂದ ಮೂಟೆಯಿಂದ ಒಂದು ಇಡೀ ಕೊಬ್ಬರಿ ಗಿಟುಕು ತೆಗೆದು, ತೆಳ್ಳಗೆ ಹೆಚ್ಚಿ, ತೂಗಿ, ಕಾವಿನ ಪೆಟ್ಟಿಗೆಯಲ್ಲಿ ಒಣಗಿಸಿ, ಮತ್ತೆ ತೂಗಿ, ಆರಿಹೋದದ್ದೆಷ್ಟು ಎಂದು ಚೀಟಿಯಲ್ಲಿ ಬರೆಯಬೇಕು. ಹಿತ್ತಲ ಕಡೆಗಿದ್ದ ಅವನ ಕೋಣೆಗೆ ಕೊಬ್ಬರಿ ಬರುತ್ತಿತ್ತೇ ಹೊರತು ಮನುಷ್ಯರು ಬರುತ್ತಿರಲಿಲ್ಲ. ಬಿ.ಎಸ್ಸಿ. ಓದಿದ್ದ. ವಯಸ್ಸು ನಲವತ್ತೊಂದು. ಮದುವೆಯ ಮಾತು ಎರಡು ಸಲ ಬಂದಿತ್ತು. ಎರಡು ಸಲವೂ ಹೆಣ್ಣಿನ ಕಡೆಯವರು ಅವನ ಟ್ರಂಕಿನಲ್ಲಿ ಹತ್ತೊಂಬತ್ತು ಚಾಕುಗಳಿವೆ ಎಂದು ತಿಳಿದು, ಕೊಟ್ಟ ಕಾಫಿಯನ್ನೂ ಮುಗಿಸದೆ ಬಸ್ಸು ಹತ್ತಿದ್ದರು.

ಎಲ್ಲವೂ ಮಡಚುವ ಚಾಕುಗಳು. ಹಳೆಯ ಕಾಲದವರು ಎಲೆಯಡಿಕೆ ಚೀಲದಲ್ಲಿ ಇಟ್ಟುಕೊಳ್ಳುತ್ತಿದ್ದಂಥವು. ಕೊಂಬಿನ ಹಿಡಿಯವು, ಮರದ ಹಿಡಿಯವು, ಹಿತ್ತಾಳೆಯವು. ಪ್ರತಿಯೊಂದಕ್ಕೂ ದಾರದಲ್ಲಿ ಚೀಟಿ ಕಟ್ಟಿ, ಸಿಕ್ಕಿದ ಊರು, ದಿನಾಂಕ, ಮಾಡಿದ ಕಮ್ಮಾರನ ಹೆಸರು, ಅಲಗಿನ ಉದ್ದವನ್ನು ಮಿಲಿಮೀಟರಿನಲ್ಲಿ ಬರೆದಿದ್ದ. ಸರದಿಯ ಮೇಲೆ ದಿನಕ್ಕೊಂದು ಚಾಕು ಚೀಟಿ ಬಿಚ್ಚಿಸಿಕೊಂಡು ಅವನ ಅಂಗಿಯ ಜೇಬಿಗೆ ಬರುತ್ತಿತ್ತು. ಭಾರಕ್ಕೆ ಹರಿಯದಿರಲೆಂದು ಎದುರು ಸಾಲಿನ ದರ್ಜಿ ವಹಾಬ್ ಅವನ ಅಂಗಿಗಳಿಗೆಲ್ಲ ಎರಡು ಪದರದ ಜೇಬು ಹೊಲಿಯುತ್ತಿದ್ದ.

ಚಾಕು ಯಾತಕ್ಕೆ ಎಂದು ಕೇಳಿದರೆ ಕೊಬ್ಬರಿ ಹೆಚ್ಚಲು ಎನ್ನುತ್ತಿದ್ದ. ಅದು ಸುಳ್ಳು. ಕೊಬ್ಬರಿ ಹೆಚ್ಚಲು ಸಂಘವೇ ಕತ್ತಿ ಕೊಟ್ಟಿತ್ತು. ನಿಜವೇನೆಂದರೆ, ದಿನವೂ ಹನ್ನೊಂದು ಗಂಟೆಗೆ ಹೆಡ್ ಗುಮಾಸ್ತ ಶಂಭುಲಿಂಗಯ್ಯನವರು ಟಪಾಲಿನ ಲಕೋಟೆಗಳನ್ನು ಹಿಡಿದು ಬಂದು, ಮೇಜಿನ ಪಕ್ಕದಲ್ಲಿ ನಿಂತು, "ಚಾಕು ಇದ್ಯೇನ್ರೀ?" ಎನ್ನುತ್ತಿದ್ದರು. "ಇದೆ ಸಾರ್." ಹಾಲಸ್ವಾಮಿ ಮೇಜಿನ ಮೇಲಿಡುತ್ತಿದ್ದ, ಅವರು ಎತ್ತಿಕೊಂಡು ಲಕೋಟೆ ಒಡೆದು, ಮತ್ತೆ ಅಲ್ಲೇ ಇಟ್ಟು, "ಹ್ಞೂಂ" ಎಂದು ಹೊರಟುಹೋಗುತ್ತಿದ್ದರು. ಎಂಟು ವರ್ಷಗಳಿಂದ ಅವನ ದಿನದ ಮಾತುಕತೆಯೆಂದರೆ ಅದೇ. ಭಾನುವಾರ ಅದೂ ಇರುತ್ತಿರಲಿಲ್ಲ.

ಎಪ್ಪತ್ತೊಂಬತ್ತನೆಯ ಇಸವಿಯ ಆ ಸೋಮವಾರ ಜೇಬಿನಲ್ಲಿದ್ದದ್ದು ಇಪ್ಪತ್ತನೆಯ ಚಾಕು. ಹಿಂದಿನ ದಿನ ದಂಡಿನಶಿವರದ ಒಬ್ಬ ಮುದುಕರನ್ನು ಕಾಡಿ ತಂದಿದ್ದ. ಎಮ್ಮೆಕೊಂಬಿನ ಹಿಡಿ; ಮಡಚಿದರೆ ಒಳ್ಳೆಯ ಪೆಟ್ಟಿಗೆ ಸಿಕ್ಕಿದ ತೆಂಗಿನಕಾಯಿಯಂತೆ ಟಕ್ ಎನ್ನುತ್ತಿತ್ತು. ಶಂಭುಲಿಂಗಯ್ಯನವರು ಅದನ್ನು ನೋಡಿ 'ಹೊಸದೇನ್ರೀ?' ಎಂದಾರು, ಎಂದರೆ ತಾನು ಏನೇನು ಹೇಳಬೇಕು ಎಂದು ಬೆಳಗಿನಿಂದ ಹೊಂದಿಸಿಕೊಂಡಿದ್ದ. ಆ ಮಾತುಗಳು ಒಣಗಿದ ಕಾಯೊಳಗಿನ ಗಿಟುಕಿನಂತೆ ಅವನೊಳಗೆ ಗಡಗಡ ಅಲ್ಲಾಡುತ್ತಿದ್ದವು. ಆ ಸಡಗರದಲ್ಲೇ ಚಾಕುವನ್ನು ನೇರವಾಗಿ ಅವರ ಅಂಗೈಗೆ ಇಟ್ಟದ್ದು.

ಬಾಗಿಲ ಹತ್ತಿರ ಗುಡಿಸುತ್ತಿದ್ದ ಕಲ್ಲಮ್ಮ ಪೊರಕೆ ಕೆಳಗಿಟ್ಟಳು.

"ಏನ್ ಸೋಮಿ, ಓದಿದೋರು ನೀವು. ಚಾಕುನ ಕೈಗೆ ಕೊಡ್ತಾರಾ? ಹೊತ್ತು ಮುಳುಗೋದ್ರೊಳಗೆ ಇಬ್ರಿಗೂ ಜಗಳ ಬತ್ತದೆ."

"ಜಗಳ ಹೆಂಗೆ ಬರುತ್ತೆ ಕಲ್ಲಮ್ಮ, ನಾವು ಮಾತೇ ಆಡಲ್ಲ," ಎಂದ ಹಾಲಸ್ವಾಮಿ.

ಸದ್ದು ಕೇಳಿ ಟೈಪಿಸ್ಟ್ ಗಿರಿಜಾಂಬಿಕಾ ಇಣುಕಿದಳು. "ತಮಾಷೆ ಅಲ್ಲ ಕಣ್ರೀ. ನಮ್ಮಮ್ಮ ನಮ್ಮತ್ತೆ ಕೈಗೆ ಒಂದೇ ಒಂದು ಮೆಣಸಿನಕಾಯಿ ಕೊಟ್ಟಿದ್ದು. ಹನ್ನೊಂದು ವರ್ಷ ಆಯ್ತು, ಮುಖ ನೋಡಿಲ್ಲ."

"ಒಬ್ರನ್ನೊಬ್ರು ಒಂದೊಂದು ಕಿತ ಚಿವುಟ್ಕೊಂಬುಡಿ," ಎಂದಳು ಕಲ್ಲಮ್ಮ. "ದೋಸ ಹೋಯ್ತದೆ."

ಶಂಭುಲಿಂಗಯ್ಯನವರು ಕಡತಕ್ಕೆ ಚಿಕ್ಕ ರುಜು ಹಾಕುವಂತೆ ಹಾಲಸ್ವಾಮಿಯ ಕೈಯನ್ನು ಒಮ್ಮೆ ಚಿವುಟಿದಂತೆ ಮಾಡಿದರು. ನಂತರ ತಮ್ಮ ಕೈ ಚಾಚಿದರು, ಸೂಜಿ ಚುಚ್ಚಿಸಿಕೊಳ್ಳುವವರಂತೆ ಮುಖ ಆ ಕಡೆ ತಿರುಗಿಸಿ. ಹಾಲಸ್ವಾಮಿಯದು ಮಿಲಿಗ್ರಾಂ ತೂಗುವ ಕೈ. ಆದರೆ ಮನುಷ್ಯನ ಚರ್ಮವನ್ನು ಎಷ್ಟು ಬಲದಿಂದ ಚಿವುಟಬೇಕು ಎಂಬುದಕ್ಕೆ ಅವನ ಬಳಿ ಅಳತೆ ಇರಲಿಲ್ಲ. ಯಾರ ಕೈಯನ್ನಾದರೂ ಮುಟ್ಟಿ ಎಷ್ಟು ಕಾಲವಾಗಿತ್ತೋ. ಬೆಚ್ಚಗಿತ್ತು. ಬಿಡುವುದಕ್ಕೆ ತುಸು ತಡವಾಯಿತು.

"ಅಯ್ಯಪ್ಪಾ," ಎಂದರು ಶಂಭುಲಿಂಗಯ್ಯನವರು. ಮೂವತ್ತು ವರ್ಷದ ಸರ್ವಿಸಿನಲ್ಲಿ ಅವರು ಕಚೇರಿಯ ವೇಳೆಯಲ್ಲಿ ಕೂಗಿದ್ದು ಅದೇ ಮೊದಲು. ಮುಂಗೈ ಮೇಲೆ ಕುಂಕುಮದ ಬೊಟ್ಟಿನಷ್ಟು ಕೆಂಪಾಗಿತ್ತು. "ಏನ್ರೀ ಇದು, ಮನುಷ್ಯನ ಕೈಯೋ ಕೊಬ್ಬರಿಯೋ?" ಚಾಕುವನ್ನು ಮೇಜಿನ ಮೇಲೆ ಕುಕ್ಕಿ, ಲಕೋಟೆ ಒಡೆಯದೆ ಹೊರಟುಹೋದರು.

"ನೋಡಿದ್ರಾ, ಬಂತು," ಎಂದಳು ಕಲ್ಲಮ್ಮ, ಹೇಳಿದ ಹೊತ್ತಿಗೆ ಬಸ್ಸು ಬಂದಷ್ಟು ನೆಮ್ಮದಿಯಿಂದ.

ಅರ್ಧ ಗಂಟೆಯಲ್ಲಿ ಗುಮಾಸ್ತ ಮರುಳಪ್ಪ ಬಂದ. ಒಳಗೆ ಬಂದು ಬಾಗಿಲು ಮುಂದಕ್ಕೆ ಮಾಡಿದ. "ನಿಜ ಹೇಳ್ರಿ, ಇದು ಹಳೇ ದ್ವೇಷ ತಾನೆ? ಯಾವ ಜಮೀನಿನ ವಿಷಯ?"

"ಮೊದಲು ನೀವು ಈ ಚಾಕು ನೋಡಬೇಕು," ಎಂದ ಹಾಲಸ್ವಾಮಿ.

ಮರುಳಪ್ಪ ನೋಡಿದ. ಅಲಗಿಗೆ ಹದ ಹಾಕಿದ ರೀತಿ, ಮೊಳೆ ಬಡಿದ ರೀತಿ, ದಂಡಿನಶಿವರದ ಮುದುಕರು ಮೂರು ಸಲ ಇಲ್ಲವೆಂದು ನಾಲ್ಕನೆಯ ಸಲ ಕೊಟ್ಟ ರೀತಿ, ಎಲ್ಲವನ್ನೂ ಕೇಳಿದ. ಜಗಳದ ಸುದ್ದಿ ಇವುಗಳ ಕೊನೆಯಲ್ಲಿ ಬರುತ್ತದೆ ಎಂದು ಅವನಿಗೆ ನಂಬಿಕೆಯಿತ್ತು. ಅವನ ಹಿಂದೆ ಗಿರಿಜಾಂಬಿಕಾ ಫ್ಲಾಸ್ಕಿನ ಕಾಫಿ ತಂದಳು. ಗೋದಾಮಿನ ಹಮಾಲಿಗಳು ಸಾಲಾಗಿ ಬಂದರು. ಎಲ್ಲರೂ ಕಥೆಯನ್ನು ಚಾಕುವಿನಿಂದಲೇ ಕೇಳಲು ತೊಡಗಬೇಕಾಯಿತು. ಊಟದ ಹೊತ್ತಿಗೆ ಅವನ ಮೇಜಿನ ಮೇಲೆ ಆರು ಡಬ್ಬಿಗಳು ತೆರೆದಿದ್ದವು. ಬೇರೆ ಮನೆಯ ಹುಚ್ಚೆಳ್ಳು ಚಟ್ನಿ ಹೇಗಿರುತ್ತದೆಂದು ಹಾಲಸ್ವಾಮಿ ಎಂಟು ವರ್ಷಗಳಲ್ಲಿ ಮೊದಲ ಸಲ ತಿಳಿದುಕೊಂಡ.

ಅಷ್ಟರಲ್ಲಿ ಗಾಯ ಬೆಳೆದಿತ್ತು. ಕಚೇರಿಯಲ್ಲಿ ಚಿವುಟಿದ್ದು ಅಂಗಳದಲ್ಲಿ ಗೀರಾಗಿ, ಬೀದಿಯ ಹೋಟೆಲಿನಲ್ಲಿ ಕೊಯ್ದದ್ದಾಗಿ, ವಹಾಬನ ಅಂಗಡಿಗೆ ಮುಟ್ಟುವಾಗ ಮೂರು ಹೊಲಿಗೆಯಾಗಿತ್ತು. ವಹಾಬ್ ಕೊರಳಲ್ಲಿದ್ದ ಟೇಪನ್ನೂ ತೆಗೆಯದೆ ಓಡಿಬಂದ.

"ಸ್ವಾಮಿಯವ್ರೇ, ಮೂರು ಹೊಲಿಗೆ ಅಂತೆ. ಈ ಬೀದೀಲಿ ಹೊಲಿಯೋನು ನಾನೊಬ್ನೇ. ನಂಗೊತ್ತಾಗ್ದಂಗೆ ಯಾರ್ ಹಾಕಿದ್ರು?"

ಹೊಲಿಗೆ ಇಲ್ಲವೆಂದು ತಿಳಿದ ಮೇಲೂ ಅವನು ಕೊಬ್ಬರಿ ಮೂಟೆಯ ಮೇಲೆ ಕೂತು ಒಂದು ಗಂಟೆ ಮಾತಾಡಿದ. ಎರಡು ಪದರದ ಜೇಬಿನೊಳಗೆ ಇಷ್ಟು ಕಥೆ ಇರುತ್ತದೆಂದು ತನಗೆ ಗೊತ್ತಿರಲಿಲ್ಲ ಎಂದ. ಏಳುವಾಗ, "ನಾಳೆ ಬತ್ತೀನಿ. ಮುಂದೇನಾಯ್ತು ಹೇಳ್ಬೇಕು," ಎಂದ.

ಅವನು ಹೋದ ಮೇಲೆ ಹಾಲಸ್ವಾಮಿ ಒಂದೇ ಗಿಟುಕನ್ನು ಎರಡು ಸಲ ತೂಗಿದ. ನಾಳೆ ಬರುತ್ತೇನೆ ಎಂದು ಅವನಿಗೆ ಯಾರೂ ಹೇಳಿದ್ದಿಲ್ಲ.

ನಾಲ್ಕು ಗಂಟೆಗೆ ಕಾರ್ಯದರ್ಶಿ ರೇವಣಸಿದ್ದಯ್ಯನವರು ಇಬ್ಬರನ್ನೂ ಕರೆಸಿದರು. ಮೇಜಿನ ಮೇಲೆ ಎರಡು ಲೋಟ ಕಾಫಿ, ಒಂದು ತಟ್ಟೆ ಖಾರಾಬೂಂದಿ. ಬಾಗಿಲಲ್ಲಿ ಇಡೀ ಕಚೇರಿ.

"ಹಾಲಸ್ವಾಮಿ, ತಪ್ಪಾಯ್ತು ಅಂತ ಒಂದು ಮಾತು ಹೇಳ್ರಿ. ಇಬ್ರೂ ಕಾಫಿ ಕುಡೀರಿ. ಮುಗೀತು."

ಹೇಳಲೆಂದೇ ಹಾಲಸ್ವಾಮಿ ಬಾಯಿ ತೆರೆದ. ಆದರೆ 'ಮುಗೀತು' ಎಂಬ ಮಾತು ಅಡ್ಡ ಬಂತು. ಮುಗಿದರೆ ನಾಳೆ ವಹಾಬ್ ಏನು ಕೇಳಲು ಬರುತ್ತಾನೆ? ಮರುಳಪ್ಪ ಬಾಗಿಲು ಮುಂದಕ್ಕೆ ಮಾಡಿಕೊಂಡು ಏನು ಪಿಸುಗುಟ್ಟುತ್ತಾನೆ? ಆರು ಡಬ್ಬಿಗಳು ಮತ್ತೆ ಆರು ಮೇಜುಗಳಿಗೆ ಹೋಗುತ್ತವೆ.

"ಹೇಳಲ್ಲ ಸಾರ್," ಎಂದ.

ಲೋಟವನ್ನು ತುಟಿಯವರೆಗೆ ಎತ್ತಿದ್ದ ಶಂಭುಲಿಂಗಯ್ಯನವರು ಅದನ್ನು ಕೆಳಗಿಟ್ಟರು.

"ಯಾಕ್ರೀ?" ಎಂದರು ಕಾರ್ಯದರ್ಶಿ.

"ತತ್ವದ ಪ್ರಶ್ನೆ ಸಾರ್."

ಯಾವ ತತ್ವ ಎಂದು ಯಾರೂ ಕೇಳಲಿಲ್ಲ. ಬಾಗಿಲಲ್ಲಿದ್ದವರು ತೃಪ್ತಿಯಿಂದ ಉಸಿರು ಬಿಟ್ಟು, ಈ ಸುದ್ದಿಯನ್ನು ಬಿಸಿಯಾಗಿರುವಾಗಲೇ ತಲುಪಿಸಬೇಕೆಂದು ಆ ಸಂಜೆ ಕಚೇರಿ ಮುಚ್ಚುವ ಹತ್ತು ನಿಮಿಷ ಮೊದಲೇ ಮನೆಗಳಿಗೆ ಹೊರಟರು.

ಐದೂಕಾಲಿಗೆ ಹಾಲಸ್ವಾಮಿ ಕೋಣೆಗೆ ಬೀಗ ಹಾಕಲು ಎದ್ದಾಗ ಶಂಭುಲಿಂಗಯ್ಯನವರು ಬಂದರು. ಮುಖ ಗಂಟಿಕ್ಕಿತ್ತು. ಏನೋ ಹೇಳಲು ಹೊರಟವರು ಮೇಜಿನ ಮೇಲಿದ್ದ ಚಾಕು ನೋಡಿ ನಿಂತರು.

"ಹೊಸದೇನ್ರೀ?"

"ಹೌದು ಸಾರ್. ದಂಡಿನಶಿವರದ್ದು."

ಅವರು ಎತ್ತಿಕೊಂಡು ತೆರೆದರು, ಮಡಚಿದರು, ಟಕ್ ಎಂಬ ಸದ್ದನ್ನು ತಲೆ ಓರೆ ಮಾಡಿ ಕೇಳಿದರು. ಆಮೇಲೆ ಸ್ಟೂಲಿನ ಮೇಲೆ ಕೂತು, ಕೋಟಿನ ಒಳಜೇಬಿನಿಂದ ಇನ್ನೊಂದು ಚಾಕು ತೆಗೆದು ಅದರ ಪಕ್ಕದಲ್ಲಿಟ್ಟರು. ಹಿತ್ತಾಳೆಯ ಹಿಡಿ, ತಾಮ್ರದ ಮೊಳೆ, ಒಂದರ ಬೆನ್ನಿಗೊಂದು ಎರಡು ಅಲಗು. ಹಾಲಸ್ವಾಮಿಯ ಇಪ್ಪತ್ತರಲ್ಲಿ ಒಂದೂ ಅದರ ಸಮಕ್ಕೆ ಬರುತ್ತಿರಲಿಲ್ಲ.

"ಚಿಕ್ಕನಾಯಕನಹಳ್ಳೀದು. ನಮ್ಮಪ್ಪಂದು."

"ಇದು ಯಾವಾಗಿಂದ ಇದೆ ಸಾರ್ ನಿಮ್ಮ ಹತ್ರ?"

"ಸರ್ವಿಸಿಗೆ ಸೇರಿದ ದಿನದಿಂದ ಇದೇ ಜೇಬಲ್ಲಿದೆ."

"ಮತ್ತೆ ದಿನಾ ನನ್ನ ಹತ್ರ ಬಂದು..."

ಶಂಭುಲಿಂಗಯ್ಯನವರು ಕಿಟಕಿಯ ಕಡೆ ನೋಡಿದರು. "ಲಕೋಟೆ ಒಡೆಯೋಕೆ ಚಾಕು ಯಾಕ್ರೀ ಬೇಕು, ಬೆರಳು ಸಾಕು. ನಮ್ಮನೆಯವಳು ಹೋದ್ಮೇಲೆ ದಿನಕ್ಕೊಂದ್ಸಲ ಎದ್ದು ಎಲ್ಲಿಗಾದ್ರೂ ಹೋಗ್ಬೇಕು ಅನ್ನಿಸ್ತಿತ್ತು. ಬಂದ್ಮೇಲೆ ಏನ್ ಮಾತಾಡ್ಬೇಕು ಅಂತ ತೋಚ್ತಿರ್ಲಿಲ್ಲ. ಇವತ್ತು ಕಾಫಿ ಕುಡಿದು, ನಮ್ಮನೆಗೆ ಬನ್ರೀ ಅಂತ ಕರೆಯೋಣ ಅಂತಿದ್ದೆ. ನೀವು ತತ್ವ ಅಂದ್ರಿ."

ಹಾಲಸ್ವಾಮಿ ತತ್ವವೇನೆಂದು ಹೇಳಿದ. ಶಂಭುಲಿಂಗಯ್ಯನವರು ಕೇಳಿ ಬಹಳ ಹೊತ್ತು ನಕ್ಕರು. ನಗುತ್ತಲೇ ಕನ್ನಡಕ ಒರೆಸಿಕೊಂಡರು. ಆಮೇಲೆ ಇಬ್ಬರೂ ಅರ್ಧ ಗಂಟೆ ಹದದ ಬಗ್ಗೆ, ಮೊಳೆಯ ಬಗ್ಗೆ, ತುಕ್ಕು ಹಿಡಿಯದಿರಲು ಯಾವ ಎಣ್ಣೆ ಎಂಬುದರ ಬಗ್ಗೆ ಮಾತಾಡಿದರು. ಎಂಟು ವರ್ಷದ್ದೆಲ್ಲ ಬಾಕಿಯಿತ್ತು.

"ನಾಳೆ ಹತ್ತು ಗಂಟೆಗೇ ಬನ್ನಿ ಸಾರ್, ಇಪ್ಪತ್ತನ್ನೂ ತರ್ತೀನಿ," ಎಂದ ಹಾಲಸ್ವಾಮಿ.

ಶಂಭುಲಿಂಗಯ್ಯನವರ ಮುಖ ಇಳಿಯಿತು. ಕೋಟಿನ ಇನ್ನೊಂದು ಜೇಬಿನಿಂದ ಮಡಚಿದ ಕಾಗದ ತೆಗೆದರು. "ಇದನ್ನ ಕೊಡೋಕೇ ಬಂದಿದ್ದೆ. ಮರೆತೇಬಿಟ್ಟೆ. ನಿಮಗೆ ದಬ್ಬೇಘಟ್ಟದ ಗೋದಾಮಿಗೆ ವರ್ಗ. ನಾಳೆ ಬೆಳಿಗ್ಗೆ ಮೊದಲನೇ ಬಸ್ಸಿಗೆ."

"ಅಲ್ಲಿ ಯಾರ್ಯಾರಿದಾರೆ ಸಾರ್?"

"ಯಾರೂ ಇಲ್ಲ. ಜಗಳಕ್ಕೆ ಆಸ್ಪದ ಇರಬಾರದು ಅಂತ ಕಾರ್ಯದರ್ಶಿ ಸಾಹೇಬ್ರು ಹುಡುಕಿ ಹುಡುಕಿ ಆ ಜಾಗ ತೆಗೆದಿದಾರೆ."

"ನೀವೇ ಒಂದು ಮಾತು ಹೇಳಿ ರದ್ದು ಮಾಡ್ಸೋಕಾಗಲ್ವಾ? ಆದೇಶದಲ್ಲಿ ಎಲ್ಲಾದ್ರೂ ಒಂದು ಸಂದು ಇರುತ್ತಲ್ಲ."

"ಕರಡು ನಂದೇ ಕಣ್ರೀ," ಎಂದರು ಶಂಭುಲಿಂಗಯ್ಯನವರು ನೆಲ ನೋಡುತ್ತ. "ನಾಲ್ಕೂವರೇಲಿ ಸಿಟ್ಟಿತ್ತು. ಮೂವತ್ತು ವರ್ಷದ ಅಭ್ಯಾಸ ನೋಡಿ, ಚೆನ್ನಾಗಿ ಬರೆದುಬಿಟ್ಟಿದೀನಿ."

ಹಾಲಸ್ವಾಮಿ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು, ತಕ್ಕಡಿಯ ಮುಳ್ಳು ನೋಡುವಷ್ಟು ಜಾಗರೂಕತೆಯಿಂದ ಎರಡು ಸಲ ಓದಿದ. ನಿಜವಾಗಿಯೂ ಒಂದು ಸಂದೂ ಇರಲಿಲ್ಲ.