ನಮ್ಮ ಮದುವೆಯನ್ನು ನೆದರ್ಲ್ಯಾಂಡ್ಸ್ ಒಪ್ಪಿಕೊಂಡ ಬಗೆ

ದೇವರ ದಯೆಯಿಂದ ನನಗೆ ಸುಳ್ಳು ಹೇಳಲು ಬರುವುದಿಲ್ಲ. ಆದರೆ ಸರ್ಕಾರಿ ಕೌಂಟರಿನ ಮುಂದೆ ನಿಂತಾಗಲೆಲ್ಲ ನನ್ನ ನಿಜವೇ ಸುಳ್ಳಿನ ಹಾಗೆ ಕೇಳಿಸುತ್ತದೆ. ಒಂದು ಸಲ ಆದರೆ ಗ್ರಹಚಾರ ಅನ್ನಬಹುದು. ನನಗೆ ಈ ದೇಶಕ್ಕೆ ಕಾಲಿಟ್ಟ ದಿನದಿಂದ ಆಗುತ್ತಲೇ ಇದೆ.

ನಾನು ಮೈಸೂರಿನಲ್ಲಿ ಹೈಸ್ಕೂಲಿನ ಗಣಿತದ ಮೇಷ್ಟ್ರಾಗಿದ್ದವನು. ಈಗ ರಾಟರ್‌ಡ್ಯಾಮ್ ಬಂದರಿನ ಗೋದಾಮೊಂದರಲ್ಲಿ ಕೆಲಸ. ನನ್ನ ಹೆಂಡತಿ ಬೆಂಗಳೂರಿನವಳು, ಜೈಡಾಸ್ ಎಂಬ ದೊಡ್ಡ ಕಂಪನಿಗಳ ಬಡಾವಣೆಯ ಆಫೀಸೊಂದರಲ್ಲಿ ದುಡಿಯುತ್ತಾಳೆ. ಜಾತಕ ಕೂಡಿ ಬರುವ ಹೊತ್ತಿಗೇ ಅವಳು ಈ ದೇಶದ ಪಾಸ್‌ಪೋರ್ಟು ಪಡೆದಿದ್ದಳು. ಹಾಗಾಗಿ ನಾನೇ ಹೆಂಡತಿಯ ಮನೆಗೆ ಬಂದೆ. ಮೊದಲು ಐದು ವರ್ಷಕ್ಕೆ ಒಂದು ವಾಸದ ಕಾರ್ಡು ಕೊಟ್ಟರು, ಆಮೇಲೆ ಕಾಯಂ ಕಾರ್ಡಿಗೆ ಅರ್ಜಿ. ಅದು ಸಿಗದಿದ್ದರೆ ನಾನೊಬ್ಬನೇ ಮೈಸೂರಿಗೆ ವಾಪಸು ಹೋಗಬೇಕು, ಇಲ್ಲವೇ ಅವಳು ಒಂಟಿಯಾಗಿ ಕಟ್ಟಿಕೊಂಡ ಕೆಲಸ, ಮನೆ ಎಲ್ಲಾ ಬಿಟ್ಟು ನನ್ನ ಹಿಂದೆ ಬರಬೇಕು. ಎರಡರಲ್ಲಿ ಒಂದನ್ನೂ ತೋರಿಸಬೇಡಪ್ಪಾ ಅಂತ ದಿನಾ ದೀಪ ಹಚ್ಚುವಾಗ ಬೇಡಿಕೊಳ್ಳುತ್ತಿದ್ದೆ. ದೇವರು ಕೇಳಿಸಿಕೊಂಡ. ಆದರೆ ಕೇಳಿಸಿಕೊಳ್ಳುವ ಮುಂಚೆ ಸ್ವಲ್ಪ ನಗಾಡಿದ ಅಂತ ಕಾಣುತ್ತದೆ.

೧. ಎಷ್ಟು ದಿನ ಇರುತ್ತೀರಿ?

ನಿಶ್ಚಿತಾರ್ಥ ಆದ ಮೇಲೆ, ಹುಡುಗಿ ಇರುವ ಊರು ಒಮ್ಮೆ ನೋಡಿ ಬರೋಣ ಅಂತ ಹದಿನೈದು ದಿನದ ಪ್ರವಾಸಿ ವೀಸಾ ಮೇಲೆ ಹೊರಟೆ. ವೀಸಾ ಮಾಡಿಸಿಕೊಟ್ಟ ಏಜೆಂಟು, “ಸಾರ್, ಏನು ಕೇಳಿದ್ರೂ ಟೂರಿಸಂ, ಟುಲಿಪ್, ಇಷ್ಟೇ ಹೇಳಿ. ಮದುವೆ ಗಿದುವೆ ಬಾಯಿಬಿಡಬೇಡಿ” ಅಂತ ಪಾಠ ಮಾಡಿಸಿದ್ದ. ವಿಮಾನದಲ್ಲಿ ಕೂತು ಯೋಚಿಸಿದೆ. ಹೊಸ ಬಾಳಿನ ಮೊದಲ ಹೆಜ್ಜೆಯನ್ನೇ ಸುಳ್ಳಿನ ಮೇಲೆ ಇಡೋದೇ? ಮನಸ್ಸು ಒಪ್ಪಲಿಲ್ಲ.

ಕೌಂಟರಿನಲ್ಲಿದ್ದ ಅಧಿಕಾರಿ ಕೇಳಿದ, “ಯಾಕೆ ಬಂದಿದ್ದೀರಿ?”

“ನಾನು ಮದುವೆಯಾಗೋ ಹುಡುಗಿ ಇಲ್ಲಿದ್ದಾಳೆ.”

“ಅಂದರೆ ಪ್ರವಾಸಕ್ಕಲ್ಲ?”

“ಟುಲಿಪ್ ಕಂಡರೆ ಅದನ್ನೂ ನೋಡ್ತೀನಿ.”

ಆಗ ಡಿಸೆಂಬರ್ ತಿಂಗಳು. ಟುಲಿಪ್ ಬಿಡೋದು ಏಪ್ರಿಲ್‌ನಲ್ಲಿ ಅಂತ ಏಜೆಂಟು ಹೇಳಿಕೊಟ್ಟಿರಲಿಲ್ಲ.

ಅಧಿಕಾರಿ ಪೆನ್ನು ಕೆಳಗಿಟ್ಟು, “ಎಷ್ಟು ದಿನ ಇರುತ್ತೀರಿ?” ಅಂದ. ನಮ್ಮ ಮನೆಯಲ್ಲಿ ಇಷ್ಟು ದಿನ ಇದ್ದೇ ಇರ್ತೀನಿ ಅಂತ ಎದೆ ತಟ್ಟಿ ಹೇಳುವ ಪದ್ಧತಿ ಯಾರಿಗೂ ಇಲ್ಲ. ಬಾಯಿಗೆ ಬಂದದ್ದನ್ನೇ ಕೈ ಮೇಲೆತ್ತಿ ಹೇಳಿದೆ. “ಭಗವಂತ ಇಟ್ಟಷ್ಟು ದಿನ.”

ನಾಲ್ಕು ಗಂಟೆ ಒಂದು ಪುಟ್ಟ ಕೋಣೆಯಲ್ಲಿ ಕೂರಿಸಿದರು. ಆಫೀಸಿನಿಂದ ಓಡಿ ಬಂದ ನನ್ನ ಭಾವಿ ಪತ್ನಿಯನ್ನು ಅವರು ಕೇಳಿದ ಮೊದಲ ಪ್ರಶ್ನೆ, “ಇವರನ್ನು ಇಲ್ಲಿ ಇಟ್ಟುಕೊಳ್ಳುವ ವ್ಯಕ್ತಿ ಯಾರು? ವಿಳಾಸ ಕೇಳಿದರೆ ಮೇಲೆ ತೋರಿಸುತ್ತಾರೆ.” ಅವಳು ಜವಾಬ್ದಾರಿ ಹೊತ್ತು ಸಹಿ ಹಾಕಿದ ಮೇಲೆ ಬಿಟ್ಟರು. ಬಿಡುವ ಮುಂಚೆ ಕಂಪ್ಯೂಟರಿನಲ್ಲಿ ಒಂದು ಸಾಲು ಬರೆದಿಟ್ಟರು: ಹಿಂತಿರುಗುವ ಉದ್ದೇಶ ಸಂಶಯಾಸ್ಪದ. ನಾನು ಹದಿನಾಲ್ಕನೇ ದಿನಕ್ಕೇ ಹಿಂತಿರುಗಿದೆ, ಆ ಸಾಲು ಮಾತ್ರ ಇಲ್ಲೇ ಉಳಿಯಿತು.

ಹೊರಗೆ ಬಂದ ಮೇಲೆ ಅವಳು ಕೇಳಿದಳು, “ರೀ, ಹದಿನೈದು ದಿನ ಅನ್ನೋಕೆ ಏನಾಗಿತ್ತು ನಿಮಗೆ?”

“ಆಯಸ್ಸು ನಮ್ಮ ಕೈಲಿದೆಯೇನೇ?”

“ಅವರು ಕೇಳಿದ್ದು ಆಯಸ್ಸಲ್ಲ ರೀ, ರಿಟರ್ನ್ ಟಿಕೆಟ್ಟು!”

೨. ಅಡ್ಡ ಬಟ್ಟೆ

ಮದುವೆ ಮೈಸೂರಿನಲ್ಲೇ ಆಯಿತು. ಈ ಸಲ ಕ್ರಮವಾಗಿ ಭಾಷೆಯ ಪರೀಕ್ಷೆ ಕಟ್ಟಿ, ಪಾಸಾಗಿ, ಗಂಡನಾಗಿ ಬರಲು ಅರ್ಜಿ ಹಾಕಿದೆ. ಹಳೆಯ ಸಾಲು ನೋಡಿದವರು, ಮದುವೆ ನಿಜ ಅನ್ನೋದಕ್ಕೆ ಫೋಟೋ ಕಳಿಸಿ ಅಂದರು. ನಮ್ಮಮ್ಮ ಆಲ್ಬಂ ಮುಂದಿಟ್ಟುಕೊಂಡು ತಾವೇ ಹತ್ತು ಫೋಟೋ ಆರಿಸಿದರು.

ಹದಿನೈದು ದಿನಕ್ಕೆ ಉತ್ತರ ಬಂತು. “ಮುಖ್ಯವಾದ ಚಿತ್ರದಲ್ಲಿ ವಧೂವರರ ನಡುವೆ ಬಟ್ಟೆ ಅಡ್ಡ ಹಿಡಿಯಲಾಗಿದೆ. ಇಬ್ಬರೂ ಒಬ್ಬರನ್ನೊಬ್ಬರು ನೋಡದಂತೆ ತಡೆಯುತ್ತಿರುವುದು ಏಕೆ?” ಅಂತರಪಟದ ವಿಚಾರ ಎರಡು ಪುಟ ಬರೆದು, ಬೇರೆ ಫೋಟೋ ಕಳಿಸಿದೆವು. ಅದರಲ್ಲಿ ಇಬ್ಬರ ಹಣೆಗೂ ಬಾಸಿಂಗ, ಮುಖ ಅರ್ಧಕ್ಕರ್ಧ ಮುಚ್ಚಿಹೋಗಿತ್ತು. ಮುಖ ಕಾಣುವ ಫೋಟೋ ಕಳಿಸಿ ಅಂದರು. ಮುಖ ಕಾಣುವ ಫೋಟೋಗಳಲ್ಲಿ ಅವಳು ನೆಲ ನೋಡುತ್ತಿದ್ದಳು, ನಾನು ಪುರೋಹಿತರನ್ನು ನೋಡುತ್ತಿದ್ದೆ. ಇಬ್ಬರೂ ನಗುತ್ತಿದ್ದದ್ದು ಒಂದೇ ಒಂದರಲ್ಲಿ. ಅದರಲ್ಲಿ ನಮ್ಮಿಬ್ಬರ ಮಧ್ಯೆ ಸೋದರಮಾವ ನಿಂತಿದ್ದರು.

ಕೊನೆಗೆ ಸ್ಟುಡಿಯೋಗೆ ಹೋಗಿ ಒಟ್ಟಿಗೆ ನಿಂತು ತೆಗೆಸಿಕೊಂಡೆವು. ನಮ್ಮಮ್ಮನಿಗೆ ಮಾತ್ರ ಸಿಟ್ಟು ಇಳಿಯಲಿಲ್ಲ. “ಫೋಟೋ ಯಾತಕ್ಕೋ ಅವರಿಗೆ? ಎಂಟುನೂರು ಜನ ಊಟ ಮಾಡ್ಕೊಂಡು ಹೋಗಿದ್ದಾರೆ, ಒಬ್ಬೊಬ್ಬರನ್ನೇ ಫೋನ್ ಮಾಡಿ ಕೇಳ್ಕೊಳ್ಳಲಿ. ಪಾಯಸ ಹೇಗಿತ್ತು ಅಂತಾನೂ ಹೇಳ್ತಾರೆ.”

೩. ಪಕ್ಕದ ಮನೆಯ ಅಜ್ಜಿ

ಜೂಟರ್‌ಮೀರ್ ಎಂಬ ಊರಿನಲ್ಲಿ ಮೂರನೇ ಮಹಡಿಯ ಮನೆಯಲ್ಲಿ ಐದು ವರ್ಷ ನೆಮ್ಮದಿಯಾಗಿ ಕಳೆಯಿತು. ಕಾಯಂ ಕಾರ್ಡಿಗೆ ಅರ್ಜಿ ಹಾಕಿದಾಗ ಆ ಹಳೆಯ ಸಾಲು ಮತ್ತೆ ಎದ್ದು ಕೂತಿತು. ನೀವಿಬ್ಬರೂ ನಿಜವಾಗಿ ಜೊತೆಯಲ್ಲೇ ಇದ್ದೀರಿ ಅಂತ ಗೊತ್ತಿರುವವರಿಂದ ಪತ್ರ ತನ್ನಿ ಅಂದರು.

ಪಕ್ಕದ ಮನೆಯಲ್ಲಿ ಒಬ್ಬರು ಡಚ್ ಅಜ್ಜಿ ಇದ್ದಾರೆ. ಹಬ್ಬಕ್ಕೆ ನಾವು ಕೊಡುವ ಕೋಸಂಬರಿಗೆ ಮೇಲೊಂದಿಷ್ಟು ಚೀಸ್ ಹಾಕಿಕೊಂಡು ತಿನ್ನುವ ಪುಣ್ಯಾತ್ಮೆ. ಕೇಳಿದ್ದೇ ತಡ, ಕನ್ನಡಕ ಏರಿಸಿ ಬರೆದುಕೊಟ್ಟರು. ಆ ಜನ ಸುತ್ತಿ ಬಳಸಿ ಮಾತಾಡುವವರಲ್ಲ.

“ಇವರು ಒಳ್ಳೆಯ ನೆರೆಯವರು. ಪ್ರತಿದಿನ ಬೆಳಿಗ್ಗೆ ಆರು ಗಂಟೆಗೆ ಗಂಡ ಗಂಟೆ ಬಾರಿಸುತ್ತಾನೆ. ಆರೂ ಒಂದಕ್ಕೆ ಹೆಂಡತಿ ಕಿರುಚುತ್ತಾಳೆ. ಐದು ವರ್ಷದಲ್ಲಿ ಒಂದು ದಿನವೂ ತಪ್ಪಿಲ್ಲ. ನಾನು ಅಲಾರಂ ಇಡುವುದನ್ನು ನಿಲ್ಲಿಸಿದ್ದೇನೆ.”

ನನ್ನ ಹೆಂಡತಿ ಓದಿ ಕೆಂಪಾದಳು. “ಇದನ್ನ ಕೊಡೋದು ಬೇಡ ರೀ, ಮಾನ ಹೋಗತ್ತೆ.” ನಾನು ಕೊಟ್ಟೇಬಿಟ್ಟೆ. ಐದು ವರ್ಷ ತಪ್ಪದೆ ನಡೆದ ಪೂಜೆಗೆ ಅದಕ್ಕಿಂತ ಒಳ್ಳೆಯ ಸರ್ಟಿಫಿಕೇಟು ನನಗೆ ಇನ್ನೆಲ್ಲಿ ಸಿಗುತ್ತದೆ?

೪. ನಿನ್ನೆ ರಾತ್ರಿಯ ಊಟ

ಆಮೇಲೆ ಇಬ್ಬರನ್ನೂ ಕರೆಸಿ, ಬೇರೆ ಬೇರೆ ಕೋಣೆಯಲ್ಲಿ ಕೂರಿಸಿ, ಒಂದೇ ಪ್ರಶ್ನೆಗಳನ್ನು ಕೇಳಿದರು. ಉತ್ತರ ತಾಳೆಯಾಗಬೇಕು. ಮನೆಯಲ್ಲಿ ನಾವು ತಯಾರಿ ಮಾಡಿದ್ದೇನು ಕಮ್ಮಿಯಲ್ಲ. ಪರದೆಯ ಬಣ್ಣ, ಟೂತ್‌ಪೇಸ್ಟು, ಅತ್ತೆಯವರ ಹುಟ್ಟಿದ ದಿನ, ಎಲ್ಲಾ ಬಾಯಿಪಾಠ.

ಅವರು ಕೇಳಿದ್ದು ಇಷ್ಟೇ. “ನಿನ್ನೆ ರಾತ್ರಿ ನಿಮ್ಮ ಮನೆಯಲ್ಲಿ ಗಂಡ ಏನು ಊಟ ಮಾಡಿದರು?”

ಅವತ್ತು ಮಂಗಳವಾರ. ಹಿಂದಿನ ದಿನ ಕಾರ್ತಿಕ ಸೋಮವಾರ, ನನಗೆ ಒಪ್ಪೊತ್ತು. ನಾನು ಶುದ್ಧ ಮನಸ್ಸಿನಿಂದ ಹೇಳಿದೆ. “ರಾತ್ರಿ ನಾನು ಊಟ ಮಾಡಲಿಲ್ಲ. ಉಪವಾಸ.”

ಆ ಕಡೆ ಕೋಣೆಯಲ್ಲಿ ಹೆಂಡತಿಯೂ ಶುದ್ಧ ಮನಸ್ಸಿನಿಂದಲೇ ಹೇಳಿದ್ದಳು. “ಎರಡು ತಟ್ಟೆ ಉಪ್ಪಿಟ್ಟು, ಮೂರು ಬಾಳೆಹಣ್ಣು, ಒಂದು ದೊಡ್ಡ ಲೋಟ ಹಾಲು. ಉಪ್ಪಿಟ್ಟಿಗೆ ಗೋಡಂಬಿ ಸಾಲದು ಅಂತ ಮತ್ತೆ ಹುರಿಸಿದರು.”

ಇಬ್ಬರನ್ನೂ ಒಂದೇ ಮೇಜಿಗೆ ಕರೆದರು. ಅಧಿಕಾರಿಣಿ ಎರಡೂ ಕಾಗದ ತೋರಿಸಿ, “ಯಾರದು ನಿಜ?” ಅಂದರು.

“ಎರಡೂ ನಿಜ. ಅನ್ನ ತಿಂದರೆ ಮಾತ್ರ ಊಟ. ಮಿಕ್ಕಿದ್ದೆಲ್ಲ ಫಲಾಹಾರ” ಅಂದೆ.

ಅಧಿಕಾರಿಣಿ ನನ್ನ ಹೆಂಡತಿಯ ಕಡೆ ತಿರುಗಿದರು. ಅವಳು ನಿಟ್ಟುಸಿರು ಬಿಟ್ಟು, “ಇವರು ಉಪವಾಸ ಮಾಡಿದ ದಿನ ನನಗೆ ಅಡುಗೆ ಜಾಸ್ತಿ, ಮೇಡಂ” ಅಂದಳು.

೫. ಮಾಲೆ

ಆ ಸಂದರ್ಶನ ಕೈಕೊಟ್ಟಿತು ಅಂತ ನನಗೆ ಖಾತ್ರಿಯಾಯಿತು. “ಇನ್ನೊಂದು ವಿಚಾರಣೆ ಆಗಬಹುದು” ಅಂತ ಪತ್ರವೂ ಬಂತು. ಅವತ್ತು ಹೆಂಡತಿ ಅಡುಗೆಮನೆಯಲ್ಲಿ ನನಗೆ ಬೆನ್ನು ಹಾಕಿ ಬಹಳ ಹೊತ್ತು ನಲ್ಲಿ ಬಿಟ್ಟುಕೊಂಡು ನಿಂತಿದ್ದಳು. ಪಾತ್ರೆ ಯಾವುದೂ ಇರಲಿಲ್ಲ ಸಿಂಕಿನಲ್ಲಿ. ಅದನ್ನು ನೋಡಿ ತಡೆಯಲಾಗಲಿಲ್ಲ. ಮೈಸೂರಿನ ಗುರುಸ್ವಾಮಿಗಳಿಗೆ ಫೋನ್ ಮಾಡಿದೆ. “ಅಯ್ಯಪ್ಪನ ಮಾಲೆ ಹಾಕು. ಮಂಡಲ ವ್ರತ ಮಾಡು. ಮಲೆಗೆ ಮುಂದಿನ ವರ್ಷ ಹೋದರಾಯಿತು” ಅಂದರು. ಶುಕ್ರವಾರ ಮಾಲೆ ಧರಿಸಿದೆ.

ನಲವತ್ತೊಂದು ದಿನ. ಕಪ್ಪು ಬಟ್ಟೆ, ಬರಿಗಾಲು, ಎರಡು ಹೊತ್ತು ತಣ್ಣೀರು ಸ್ನಾನ. ಗಡ್ಡ ತೆಗೆಯುವಂತಿಲ್ಲ. ಚಾಪೆಯ ಮೇಲೆ ಬೇರೆ ಕೋಣೆಯಲ್ಲಿ ಮಲಗಬೇಕು. ಗಂಡಸರೆಲ್ಲ ಸ್ವಾಮಿ, ಹೆಂಗಸರೆಲ್ಲ ಅಮ್ಮ, ಕಟ್ಟಿಕೊಂಡ ಹೆಂಡತಿಯೂ ಸೇರಿ. ಅವಳು “ಆಗಲಿ ಸ್ವಾಮಿ” ಅಂತ ಕೈಮುಗಿದಳು. ಮುಗಿದ ರೀತಿ ಅಷ್ಟು ಭಕ್ತಿಯದ್ದೇನಲ್ಲ.

ಇಪ್ಪತ್ತೊಂದನೇ ದಿನ ಬೆಳಿಗ್ಗೆ ಎಂಟಕ್ಕೆ ಬಾಗಿಲು ಬಡಿಯಿತು. ಹೇಳದೆ ಕೇಳದೆ ಇಲಾಖೆಯವರು ಇಬ್ಬರು ಮನೆ ನೋಡಲು ಬಂದಿದ್ದರು, ಒಬ್ಬ ಎತ್ತರದ ಗಂಡಸು, ಒಬ್ಬಳು ಹರೆಯದ ಹೆಂಗಸು. ಹೊರಗೆ ಮಂಜು ಹೆಪ್ಪುಗಟ್ಟಿತ್ತು. ನಾನು ಬರಿಗಾಲಿನಲ್ಲಿ, ಕಪ್ಪು ಪಂಚೆಯಲ್ಲಿ, ಮೂರು ವಾರದ ಗಡ್ಡದಲ್ಲಿ ಬಾಗಿಲು ತೆಗೆದೆ. ಆತ ಕೈಯಲ್ಲಿದ್ದ ಫೋಟೋ ನೋಡಿದ, ನನ್ನನ್ನು ನೋಡಿದ, ಮತ್ತೆ ಫೋಟೋ ನೋಡಿದ.

“ನಿಮ್ಮ ಹೆಂಡತಿ ಇದ್ದಾರಾ?”

“ಬನ್ನಿ ಸ್ವಾಮಿ. ಅಮ್ಮ ಒಳಗಿದ್ದಾರೆ” ಅಂದೆ, ಡಚ್‌ನಲ್ಲೇ.

“ಅಮ್ಮ ಅಲ್ಲ, ಹೆಂಡತಿ.”

“ಹೌದು, ಅವರೇ.”

ಆತ ಏನೋ ಬರೆದುಕೊಂಡ. ಲ್ಯಾಪ್‌ಟಾಪ್ ಹಿಡಿದು ಹೊರಬಂದ ನನ್ನ ಹೆಂಡತಿ ಇಬ್ಬರನ್ನೂ ನೋಡಿದ್ದೇ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

ಮಲಗುವ ಕೋಣೆ ನೋಡಿದರು. ಮಂಚದ ಮೇಲೆ ಒಂದೇ ದಿಂಬು. ಪಕ್ಕದ ಚಿಕ್ಕ ಕೋಣೆ ನೋಡಿದರು. ಚಾಪೆ, ಕಂಬಳಿ, ದೇವರ ಪಟ.

“ಇಲ್ಲಿ ಮಲಗುವವರು ಯಾರು?”

“ನಾನು.”

“ಎಷ್ಟು ದಿನದಿಂದ?”

“ಇವತ್ತಿಗೆ ಇಪ್ಪತ್ತೊಂದು.”

“ಜಗಳವಾಯಿತೇ?”

“ಅಯ್ಯೋ ಇಲ್ಲ ಸ್ವಾಮಿ. ನಾವಿಬ್ಬರೂ ಒಟ್ಟಿಗೆ ಇರೋಕೆ ನಿಮ್ಮ ಇಲಾಖೆ ಒಪ್ಪಲಿ ಅಂತ ಬೇರೆ ಬೇರೆ ಮಲಗಿದ್ದೀವಿ.”

ಹೆಂಡತಿ ಕನ್ನಡದಲ್ಲಿ, “ರೀ, ಇನ್ನೊಂದು ಮಾತಾಡಿದ್ರೆ ಮಾಲೆ ಸಮೇತ ಮೈಸೂರಿಗೆ ನಾನೇ ಕಳಿಸ್ತೀನಿ” ಅಂದಳು. ನಾನು ಕಣ್ಣು ಮುಚ್ಚಿ ಶರಣು ಹೇಳಿಕೊಳ್ಳತೊಡಗಿದೆ.

ಅಷ್ಟರಲ್ಲಿ ಆ ಹೆಂಗಸು ಮಲಗುವ ಕೋಣೆಯ ಬೀರು ತೆಗೆದು, “ಇದೇನು?” ಅಂದಳು. ಬಾಗಿಲ ಒಳಮೈಗೆ ಒಂದು ಕ್ಯಾಲೆಂಡರು ಅಂಟಿಸಿತ್ತು. ನಾನೂ ಅದನ್ನು ಕಂಡಿರಲಿಲ್ಲ. ಅದರ ತುಂಬ ಕೆಂಪು ಪೆನ್ಸಿಲಿನ ಗೀಟುಗಳು.

ಹೆಂಡತಿ ನೆಲ ನೋಡುತ್ತಾ, “ಇವರು ಈ ಕೋಣೆಗೆ ವಾಪಸು ಬರೋಕೆ ಎಷ್ಟು ದಿನ ಆಯ್ತು, ಎಷ್ಟು ಬಾಕಿ ಅಂತ…” ಅಂದು ಅಲ್ಲಿಗೇ ನಿಲ್ಲಿಸಿದಳು. ಕಿವಿ ಗೀಟುಗಳಷ್ಟೇ ಕೆಂಪು.

ನಾನು ಇಷ್ಟು ದಿನ, ಎಣಿಸುತ್ತಿರುವ ಪಾಪಿ ನಾನೊಬ್ಬನೇ ಅಂದುಕೊಂಡು ದಿನಾ ಸ್ವಾಮಿಯ ಹತ್ತಿರ ತಪ್ಪೊಪ್ಪಿಕೊಳ್ಳುತ್ತಿದ್ದೆ.

ಎತ್ತರದ ಅಧಿಕಾರಿ ಗೀಟು ಎಣಿಸಿದ. “ಇಲ್ಲಿ ಇಪ್ಪತ್ತನಾಲ್ಕಿದೆ. ನಿಮ್ಮ ಗಂಡ ಇಪ್ಪತ್ತೊಂದು ಅಂದರಲ್ಲ?” ಮತ್ತೆ ತಾಳೆಯಾಗಲಿಲ್ಲ!

ಹೆಂಡತಿ ಇನ್ನೂ ಮೆಲ್ಲಗೆ, “ಶನಿವಾರಗಳಿಗೆ ಎರಡೆರಡು ಗೀಟು ಹಾಕಿದ್ದೀನಿ. ಶನಿವಾರ ರಜಾ, ದಿನ ಬೇಗ ಹೋಗಲ್ಲ” ಅಂದಳು.

ಆ ಹೆಂಗಸು ಬಾಯಿಗೆ ಕೈ ಅಡ್ಡ ಹಿಡಿದುಕೊಂಡಳು. ಅಧಿಕಾರಿ ತನ್ನ ಕಾಗದ ಮಡಿಸಿ ಜೇಬಿಗಿಟ್ಟ. “ನಮಗೆ ಬೇಕಾದದ್ದು ಸಿಕ್ಕಿತು. ನಾಟಕದ ಮದುವೆಗಳನ್ನು ಬೇಕಾದಷ್ಟು ನೋಡಿದ್ದೇನೆ. ಅವರು ಎರಡು ದಿಂಬು ಇಡುವುದನ್ನು ಮರೆಯುವುದಿಲ್ಲ” ಅಂದು ನನ್ನ ಕೈ ಕುಲುಕಿದ.

ಮೂವತ್ತೈದನೇ ದಿನ ಪೋಸ್ಟು ಬಂತು. ಕಾಯಂ ವಾಸಕ್ಕೆ ಒಪ್ಪಿಗೆ. ದೇವರ ಮುಂದೆ ಪತ್ರವಿಟ್ಟು ಇಬ್ಬರೂ ಉದ್ದಕ್ಕೆ ಅಡ್ಡಬಿದ್ದೆವು. ಏಳುವಾಗ ಇಬ್ಬರ ಕಣ್ಣೂ ಒದ್ದೆ. ಹೆಂಡತಿ ಕಣ್ಣೊರೆಸಿಕೊಂಡು, “ಸ್ವಾಮಿ, ಕೆಲಸ ಆಯ್ತಲ್ಲ. ಇನ್ನು ಮಾಲೆ ತೆಗೀಬಹುದಾ?” ಅಂದಳು.

“ಹಾಗೆಲ್ಲ ಆಗಲ್ಲಮ್ಮ. ಹೇಳಿಕೊಂಡದ್ದು ನಲವತ್ತೊಂದು. ಇನ್ನೂ ಆರು ದಿನ ಇದೆ” ಅಂದೆ.

ಅವಳು ಎದ್ದು ಹೋಗಿ ಬೀರುವಿನಿಂದ ಕೆಂಪು ಪೆನ್ಸಿಲು ತಂದಳು.

“ಆ ಆರರಲ್ಲಿ ಶನಿವಾರ ಎಷ್ಟು?”