ಹಳದಿ ಗುಂಡಿ ಎಲ್ಲಿದೆ?

ನರ್ಸಮ್ಮ: ಕೆಂಪು ದೀಪ ಹತ್ತಿದೆ ಅಂದ್ರೆ ತುಂಬಿದೆ ಅಂತ. ಇದಕ್ಕೆ ಇನ್ನೇನು ವ್ಯಾಖ್ಯಾನ ಬೇಕು ನಿಮಗೆ?

ಅಲ್ಪವಿರಾಮ: ತುಂಬಿದೆ ಅಂತಲ್ಲ, ತುಂಬುತ್ತಾ ಬಂದಿದೆ ಅಂತ. ಎರಡಕ್ಕೂ ವ್ಯತ್ಯಾಸ ಇದೆ.

ನರ್ಸಮ್ಮ: ಆ ವ್ಯತ್ಯಾಸ ಸಂಜೆ ಹೊತ್ತಿಗೆ ಉಕ್ಕಿ ನಿಮ್ಮ ಕಾಲ ಬುಡಕ್ಕೇ ಬರುತ್ತೆ. ಏಳಿ ಮೇಲೆ.

ಅಲ್ಪವಿರಾಮ: ಕಾಫಿ ಕುಡೀತಾ ಇದ್ದೀನಿ. ಈ ಹೊತ್ತಲ್ಲಿ ಆ ಪದಾರ್ಥದ ವಿಷಯ ಯಾಕೆ?

ನರ್ಸಮ್ಮ: ಪದಾರ್ಥ ಅಂತೆ, ಪದಾರ್ಥ! ಪದಾರ್ಥ ಅಂದ್ರೆ ಅಡುಗೆ ಕಣ್ರೀ. ಕಕ್ಕಸು ಅನ್ನೋಕೆ ನಿಮ್ಮ ನಾಲಿಗೆ ಏನು ಸವೆದು ಹೋಗುತ್ತಾ?

ಈ ಮಾತುಕತೆ ನಡೆಯುತ್ತಿದ್ದದ್ದು ಒಂದು ಮೋಟಾರ್ ಹೋಮಿನೊಳಗೆ. ಚಾಲಕನ ಸೀಟಿನ ಹಿಂದೆ ಮೂರಡಿ ಅಡುಗೆಮನೆ, ಅದರ ಹಿಂದೆ ಮಡಚುವ ಮಂಚ, ಮಂಚಕ್ಕೂ ಅಡುಗೆಗೂ ನಡುವೆ ಬೀರುವಿನಷ್ಟೇ ಅಗಲದ ಒಂದು ಶೌಚಾಲಯ. ಹತ್ತು ದಿನದ ಮಟ್ಟಿಗೆ ಬಾಡಿಗೆಗೆ ತಂದ ಆ ಚಕ್ರದ ಮನೆ ಸರೋವರದ ದಂಡೆಯ ಒಂದು ಬಿಡಾರದಲ್ಲಿ, ಅದರಂಥವೇ ಇನ್ನೂ ಹದಿನೈದಿಪ್ಪತ್ತು ಗಾಡಿಗಳ ಸಾಲಿನಲ್ಲಿ ನಿಂತಿತ್ತು. ಇವತ್ತಿಗೆ ಮೂರನೇ ದಿನ.

ಯಜಮಾನರು ನಲವತ್ತು ವರ್ಷ ಅಚ್ಚಿನ ಮನೆಯಲ್ಲಿ ಕರಡು ತಿದ್ದಿ ನಿವೃತ್ತರಾದವರು. ಯಾರು ಏನೇ ಹೇಳಲಿ, ವಾಕ್ಯದ ನಡುವೆ ಬೆರಳೆತ್ತಿ ನಿಲ್ಲಿಸುವ ಚಾಳಿ ಅವರದು. ಅದಕ್ಕೇ ಅಚ್ಚಿನ ಮನೆಯವರು ಅವರಿಗೆ ಅಲ್ಪವಿರಾಮ ಎಂದು ಹೆಸರಿಟ್ಟಿದ್ದರು. ಹೆಂಡತಿ ಆಸ್ಪತ್ರೆಯ ವಾರ್ಡಿನಲ್ಲಿ ಮೂವತ್ತನಾಲ್ಕು ವರ್ಷ ದುಡಿದ ನರ್ಸಮ್ಮ. ನಿವೃತ್ತಿಯ ದಿನ ಹಾರ ಹಾಕಿಸಿಕೊಂಡು ಮನೆಗೆ ಬಂದವಳೇ ಆಕೆ ಹೇಳಿದ್ದು ಒಂದೇ ಮಾತು: “ಇನ್ನು ಈ ಜನ್ಮದಲ್ಲಿ ಯಾರ ಬೆಡ್‌ಪ್ಯಾನೂ ನಾನು ಎತ್ತಲ್ಲ.” ಮೋಟಾರ್ ಹೋಮಿಗೆ ಹ್ಞೂಂ ಎಂದದ್ದೂ ಆ ಶರತ್ತಿನ ಮೇಲೆಯೇ. ಶೌಚಾಲಯದ ಕೆಳಗಿನ ಪೆಟ್ಟಿಗೆ ಖಾಲಿ ಮಾಡುವುದು ಪೂರ್ತಿ ಗಂಡನ ಖಾತೆ. ತಪ್ಪಿದರೆ ಮರುದಿನ ಬೆಳಗಿನ ಬಸ್ಸಿಗೆ ಆಕೆ ವಾಪಸ್ಸು.

ನರ್ಸಮ್ಮ: ಬಸ್ಸು ಏಳೂಕಾಲಿಗೆ. ಗೇಟಿನ ಹತ್ತಿರ ಹಲಗೆ ಮೇಲೆ ಬರೆದಿದ್ದಾರೆ, ನೋಡ್ಕೊಂಡು ಬಂದಿದ್ದೀನಿ.

ಅಲ್ಪವಿರಾಮ: ಆಗಲೇ ನೋಡ್ಕೊಂಡೂ ಬಂದ್ಯಾ?

ನರ್ಸಮ್ಮ: ನಿಮ್ಮನ್ನ ಮದುವೆ ಆಗಿ ಎಷ್ಟು ವರ್ಷ ಆಯ್ತು? ನೋಡ್ಕೊಂಡು ಬರದೆ ಇರ್ತೀನಾ?

ಅಲ್ಪವಿರಾಮರು ಎದ್ದರು. ಪೆಟ್ಟಿಗೆಯಲ್ಲಿ ತಮ್ಮ ಪಾಲೆಷ್ಟು ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಅದನ್ನು ಬಾಯಿ ಬಿಟ್ಟು ಹೇಳುವ ಹೊತ್ತು ಇದಲ್ಲ ಎನಿಸಿತು. ಗಾಡಿಯ ಜೊತೆ ಕೊಟ್ಟಿದ್ದ ಕೈಪಿಡಿಯನ್ನು ಬಗಲಿಗೆ ಇಟ್ಟುಕೊಂಡರು. ಮೊದಲ ದಿನವೇ ಅದನ್ನು ಮೊದಲಿಂದ ಕೊನೆಯವರೆಗೆ ಓದಿ, ಕೆಂಪು ಪೆನ್ಸಿಲಿನಲ್ಲಿ ನೂರಾ ಹನ್ನೆರಡು ತಪ್ಪು ತಿದ್ದಿದ್ದರು. ಆಮೇಲೆ ರೇನ್‌ಕೋಟು ತೊಟ್ಟರು. ಮೊಣಕೈವರೆಗೆ ರಬ್ಬರ್ ಗ್ಲೌಸು ಏರಿಸಿದರು. ಈಜುವ ಕನ್ನಡಕ ಹಾಕಿಕೊಂಡು, ಮೂಗಿಗೆ ಅತ್ತರು ಹಚ್ಚಿದ ಕರವಸ್ತ್ರ ಕಟ್ಟಿದರು.

ನರ್ಸಮ್ಮ: ಪೆಟ್ಟಿಗೆ ಖಾಲಿ ಮಾಡೋಕೆ ಹೊರಟ್ರಾ, ಬಾಂಬು ತೆಗೆಯೋಕೆ ಹೊರಟ್ರಾ?

ಅಲ್ಪವಿರಾಮ: (ಕರವಸ್ತ್ರದೊಳಗಿಂದ) ಮ್ಮ್ಮ್ ಮ್ಮ್.

ನರ್ಸಮ್ಮ: ಒಂದು ಅಕ್ಷರನೂ ಅರ್ಥ ಆಗಲಿಲ್ಲ. ಪರವಾಗಿಲ್ಲ, ಹೋಗಿ ಬನ್ನಿ.

ಗಾಡಿಯ ಹೊರಮೈಯಲ್ಲಿದ್ದ ಪುಟ್ಟ ಬಾಗಿಲು ತೆಗೆದು ಪೆಟ್ಟಿಗೆ ಎಳೆದರು. ಇಪ್ಪತ್ತು ಲೀಟರು ಹಿಡಿಯುವ ಪೆಟ್ಟಿಗೆ, ಕೆಳಗೆ ಎರಡು ಚಕ್ರ, ಮೇಲೆ ಎಳೆಯಲು ಹಿಡಿ. ನೋಡಿದವರಿಗೆ ಸೂಟ್‌ಕೇಸು. ಪಕ್ಕದ ಗಾಡಿಯ ಹೆಂಗಸು ಟವೆಲು ಒಣಹಾಕುತ್ತ, “ಏನು ಅಂಕಲ್, ಇಷ್ಟು ಬೇಗ ಹೊರಟೇಬಿಟ್ರಾ?” ಎಂದಳು. “ಇಲ್ಲಮ್ಮ, ಇಲ್ಲೇ ಹತ್ತಿರ,” ಎಂದು ಇವರು ಹೆಜ್ಜೆ ಚುರುಕು ಮಾಡಿದರು.

ದಾರಿಯ ತಿರುವಿನಲ್ಲಿ ನಿಂತು ಕೈಪಿಡಿ ತೆರೆದರು. ಏಳನೇ ಸೂಚನೆ ಹೀಗಿತ್ತು: ‘ಹಳದಿ ಗುಂಡಿಗೆ ಒತ್ತಿ ಹಿಡಿದು ಪೆಟ್ಟಿಗೆ ಖಾಲಿ ಮಾಡಿರಿ.’ ಮೂಲದಲ್ಲಿ ‘ಹಳದಿ ಗುಂಡಿ ಒತ್ತಿ ಹಿಡಿದು’ ಎಂದಿತ್ತು. ನೆಲದ ಗುಂಡಿಯನ್ನು ಯಾರಾದರೂ ಒತ್ತುವುದುಂಟೇ, ವಿಭಕ್ತಿ ಪ್ರತ್ಯಯ ಬಿಟ್ಟಿದ್ದಾರೆ ಪೆದ್ದುಗಳು ಎಂದು ‘ಗೆ’ ಸೇರಿಸಿದ್ದು ಇವರೇ. ಸರಿ, ಈಗ ಆ ಹಳದಿ ಗುಂಡಿ ಹುಡುಕಬೇಕು.

ಸ್ವಲ್ಪ ಮುಂದೆ ಬಿಡಾರದ ಮಾಲಿ ಗುದ್ದಲಿ ಊರಿಕೊಂಡು ನಿಂತಿದ್ದ. ಹೂವಿನ ಗಿಡ ನೆಡಲು ಅವನು ಆರು ಗುಂಡಿ ತೋಡಿದ್ದ. ಐದು ಕೆಂಪು ಹೂವಿನ ಗಿಡಕ್ಕೆ, ಒಂದು ಹಳದಿ ಹೂವಿನದಕ್ಕೆ.

ಅಲ್ಪವಿರಾಮ: (ಕರವಸ್ತ್ರ ಇಳಿಸಿ) ಏನಪ್ಪಾ, ಇಲ್ಲಿ ಹಳದಿ ಗುಂಡಿ ಎಲ್ಲಿದೆ?

ಮಾಲಿ: ಹಳದೀದಾ? ಅದು ಒಂದೇ ಇರೋದು ಸಾರ್. ಅಗೋ, ಕೊನೇದು. ಹೋದ ವಾರ ತಾನೇ ತೋಡಿದ್ದು.

ಅಲ್ಪವಿರಾಮ: ಓಹೋ, ಹೊಸದಾ! ಒಳ್ಳೆ ವ್ಯವಸ್ಥೆ. ಎಲ್ಲರೂ ಅದಕ್ಕೇ ಹಾಕ್ತಾರಾ?

ಮಾಲಿ: ಎಲ್ಲರೂ ಎಲ್ಲಿ ಹಾಕ್ತಾರೆ ಸಾರ್? ನಾನೊಬ್ಬನೇ ಹಾಕೋದು. ದಿನಾ ಬೆಳಿಗ್ಗೆ ಎದ್ದು ಒಂದು ಬಕೆಟ್ಟು.

ಅಲ್ಪವಿರಾಮ: ಒಂದು... ಬಕೆಟ್ಟು?

ಮಾಲಿ: ಬಿಸಿಲು ಜಾಸ್ತಿ ಇದ್ರೆ ಎರಡು.

ಅಲ್ಪವಿರಾಮರು ಅವನನ್ನು ಅಡಿಯಿಂದ ಮುಡಿವರೆಗೆ ನೋಡಿದರು. ಆಳು ಗಟ್ಟಿಮುಟ್ಟಾಗೇ ಇದ್ದ.

ಅಲ್ಪವಿರಾಮ: ಡಾಕ್ಟರಿಗೆ ತೋರಿಸಿದ್ದೀಯೇನಪ್ಪಾ?

ಮಾಲಿ: ದೊಡ್ಡ ಡಾಕ್ಟರೇ ಬಂದು ನೋಡಿದ್ರು ಸಾರ್. ಇದು ಸಾಲದು, ಇನ್ನೂ ಹಾಕು ಅಂದ್ರು. ಅದಿರಲಿ, ನಿಮ್ಮ ಪೆಟ್ಟಿಗೇಲಿ ಏನು?

ಅಲ್ಪವಿರಾಮ: ಅದೇ... ಗುಂಡಿಗೆ ಹಾಕೋ ಪದಾರ್ಥ.

ಮಾಲಿ: ಗೊಬ್ಬರನಾ!

ಅಲ್ಪವಿರಾಮ: (ಸ್ವಲ್ಪ ಯೋಚಿಸಿ) ಒಂದು ಅರ್ಥದಲ್ಲಿ.

ಮಾಲಿ: ಅಂಗಡೀದಾ, ಮನೇಲಿ ಮಾಡಿದ್ದಾ?

ಅಲ್ಪವಿರಾಮ: ಮನೇಲೇ.

ಮಾಲಿ: ಹಾಗೆ ಹೇಳಿ! ಮನೇದರ ಮುಂದೆ ಅಂಗಡೀದು ಯಾವ ಲೆಕ್ಕ? ಎಷ್ಟು ದಿನದ್ದು ಸಾರ್?

ಅಲ್ಪವಿರಾಮ: ಮೂರು ದಿನದ್ದು.

ಮಾಲಿ: ಮೂರೇ ದಿನಕ್ಕೆ ಇಷ್ಟೊಂದಾ! ನೀವೊಬ್ರೇ ಮಾಡಿದ್ದಾ?

ಅಲ್ಪವಿರಾಮ: ಛೆ ಛೆ, ನಂದೇನೂ ಇಲ್ಲ. ನಿಜ ಹೇಳಬೇಕು ಅಂದ್ರೆ ಎಲ್ಲಾ ನಮ್ಮ ಮನೆಯವರದ್ದೇ.

ಮಾಲಿ: ಅಮ್ಮಾವರು ಒಬ್ರೇ? ಗಟ್ಟಿಗಿತ್ತಿ ಬಿಡಿ. ನಮ್ಮೋಳು ಇದ್ದಾಳೆ, ಈ ಕೆಲಸ ಅಂದ್ರೆ ಮೂಗು ಮುರೀತಾಳೆ. ತೆಗೀರಿ ಸಾರ್, ಒಂದು ಸಲ ವಾಸನೆ ನೋಡೋಣ.

ಅಲ್ಪವಿರಾಮ: ಬೇಡಪ್ಪಾ, ಬೇಡ! ವಾಸನೆ ಎಲ್ಲಾ ನೋಡಬೇಡ!

ಆದರೆ ಮಾಲಿ ಆಗಲೇ ಕುಕ್ಕರಗಾಲಲ್ಲಿ ಕೂತು ಮುಚ್ಚಳ ತಿರುಗಿಸಿಬಿಟ್ಟಿದ್ದ. ಅಲ್ಪವಿರಾಮರು ಕರವಸ್ತ್ರ ಏರಿಸಿ, ಕಣ್ಣು ಮುಚ್ಚಿ, ಉಸಿರು ಹಿಡಿದು ಅವನು ಬೀಳುವುದನ್ನೇ ಕಾದರು.

ಮಾಲಿ: ಆಹಾ! ಏನು ಸಾರ್ ಇದು, ಹೂವಿನಂಗಡಿಗೆ ಹೋದ ಹಾಗೆ ಆಯ್ತಲ್ಲ!

ಅಲ್ಪವಿರಾಮ: (ಒಂದು ಕಣ್ಣು ತೆರೆದು) ಹೌದಾ?

ಮಾಲಿ: ಘಮ್ಮಂತಿದೆ! ಅಮ್ಮಾವರು ಏನು ತಿಂತಾರೆ... ಅಲ್ಲ, ಏನು ಹಾಕ್ತಾರೆ ಇದಕ್ಕೆ? ಬಿಡಿ, ನೀವು ಕೈ ಹಚ್ಚಬೇಡಿ, ವಯಸ್ಸಾದೋರು. ನಾನೇ ತಗೊಂಡು ಹೋಗಿ ಗುಂಡಿಗೆ ಸುರೀತೀನಿ.

ಇಲ್ಲಿ ಅಲ್ಪವಿರಾಮರ ಮನಸ್ಸು ಒಂದು ಕ್ಷಣ ಜಾರಿತು ಎಂದು ಒಪ್ಪಿಕೊಳ್ಳಲೇಬೇಕು. ಖಾಲಿ ಪೆಟ್ಟಿಗೆ ಎಳೆದುಕೊಂಡು ಸೆಟೆದು ವಾಪಸ್ಸು ಹೋಗುವ ಚಿತ್ರ ಕಣ್ಣ ಮುಂದೆ ಬಂತು. ಮಾಲಿ ಪೆಟ್ಟಿಗೆ ಎಳೆದುಕೊಂಡು ನಾಲ್ಕು ಹೆಜ್ಜೆ ಹೋದ. ಇವರು ಗ್ಲೌಸು ಸರಿಮಾಡಿಕೊಂಡರು. ಆರು ಹೆಜ್ಜೆ ಹೋದ. ಆಮೇಲೆ ತಡೆಯಲಾಗಲಿಲ್ಲ.

ಅಲ್ಪವಿರಾಮ: ನಿಲ್ಲಪ್ಪಾ! ಅದು ನೀನಂದುಕೊಂಡ ಗೊಬ್ಬರ ಅಲ್ಲ. ಅದು... ಅದು ಏನು ಅಂದ್ರೆ... ದೇಹದಿಂದ... ನಿತ್ಯಕರ್ಮದ...

ಹಿಂದಿನಿಂದ ಒಂದು ದನಿ: ಕಕ್ಕಸು!

ನರ್ಸಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಇಷ್ಟು ಹೊತ್ತಾದರೂ ಬರಲಿಲ್ಲವೆಂದು ನೋಡಲು ಬಂದಿದ್ದಳು.

ಮಾಲಿ: (ಗಾಬರಿಯಿಂದ ಹಿಡಿ ಬಿಟ್ಟು) ಇದು ಕಕ್ಕಸಾ? ಅಮ್ಮಾ, ಸಾರ್ ಹೇಳಿದ್ರು ಇಷ್ಟೂ ನಿಮ್ಮದೇ ಅಂತ! ನಾನು ವಾಸನೆ ಬೇರೆ ನೋಡಿ ಹೊಗಳಿಬಿಟ್ಟೆ!

ನರ್ಸಮ್ಮ: ಇಷ್ಟೂ ನನ್ನದು ಅಂದ್ರಾ? ಕಂಡೋರ ಹತ್ತಿರ?

ಅಲ್ಪವಿರಾಮ: ವಿಷಯ ಆಮೇಲೆ ಮಾತಾಡೋಣ. ಮೊದಲು ಹಳದಿ ಗುಂಡಿ.

ಮಾಲಿ: ಹಳದಿಯೂ ಇಲ್ಲ, ನೀಲಿಯೂ ಇಲ್ಲ. ಇಂಥದ್ದಕ್ಕೆಲ್ಲ ಅಗೋ, ಸ್ನಾನದ ಮನೆ ಹಿಂದೆ ಜಾಲರಿ ಹಾಕಿದ ಗುಂಡಿ. ಪಕ್ಕದಲ್ಲೇ ತೊಳೆಯೋಕೆ ನಲ್ಲಿ.

ಮೂವರೂ ಅಲ್ಲಿಗೆ ನಡೆದರು. ನರ್ಸಮ್ಮ ಹತ್ತಡಿ ದೂರದಲ್ಲೇ ನಿಂತು ಕೈಕಟ್ಟಿಕೊಂಡಳು. ಹೊಸ ನರ್ಸುಗಳ ಕೈಲಿ ಕೆಲಸ ಮಾಡಿಸುವಾಗ ವಾರ್ಡಿನಲ್ಲಿ ನಿಲ್ಲುತ್ತಿದ್ದುದೂ ಹೀಗೇ.

ನರ್ಸಮ್ಮ: ಕಾಲು ಅಗಲ ಮಾಡಿ. ಬೆನ್ನು ಬಗ್ಗಿಸಬೇಡಿ, ಮಂಡಿ ಬಗ್ಗಿಸಿ. ನಿಧಾನ.

ಅಲ್ಪವಿರಾಮ: ಏಳನೇ ಸೂಚನೆ. ಗುಂಡಿಗೆ ಒತ್ತಿ ಹಿಡಿದು...

ಪೆಟ್ಟಿಗೆಯ ಮೂತಿಯನ್ನು ಜಾಲರಿಗೆ ಬಲವಾಗಿ ಒತ್ತಿ ಹಿಡಿದರು. ಪೆಟ್ಟಿಗೆ ಮೊದಲು ಗುಳುಕ್ ಎಂದಿತು. ಆಮೇಲೆ ಗುಳು ಗುಳು ಗುಳುಕ್ ಎಂದಿತು. ಒಳಗೆ ಹೋಗಲು ಗಾಳಿಗೆ ದಾರಿಯಿಲ್ಲದೆ, ಕೊನೆಗೆ ಒಂದು ಸಲ ತೇಗಿದಂತೆ ಮಾಡಿ ಇದ್ದದ್ದನ್ನೆಲ್ಲ ಭಡಾರೆಂದು ಜಾಲರಿಯ ಮೇಲೆ ಕಕ್ಕಿತು. ಜಾಲರಿಯಿಂದ ಅದು ಚಿಮ್ಮಿ ಅಲ್ಪವಿರಾಮರ ಈಜುಕನ್ನಡಕದಿಂದ ಬೂಟಿನವರೆಗೆ ಬಂತು.

ಮಾಲಿ ಮರದ ಹಿಂದೆ ಓಡಿದ.

ನರ್ಸಮ್ಮ: ಹಿಡಿ ಪಕ್ಕದಲ್ಲಿ ಹಳದೀದು ಅದೇನ್ರೀ? ಗುಂಡಿ ಇದ್ದ ಹಾಗಿದೆಯಲ್ಲ? ಅದನ್ನ ಒತ್ತಿ ಹಿಡಿದಿದ್ರೆ ಗಾಳಿ ಆಡಿ ಸಲೀಸಾಗಿ ಸುರೀತಿತ್ತು. ಮಕ್ಕಳಿಗೂ ಗೊತ್ತಾಗುತ್ತೆ.

ಅಲ್ಪವಿರಾಮ: (ಕಣ್ಣು ಮುಚ್ಚಿಯೇ) ಆ ಗುಂಡಿನಾ...

ನರ್ಸಮ್ಮ ಕೈಪಿಡಿ ಎತ್ತಿಕೊಂಡು ಕೆಂಪು ‘ಗೆ’ ನೋಡಿದಳು. ಕೈಪಿಡಿ ಮುಚ್ಚಿ ಕಂಕುಳಿಗೆ ಸಿಕ್ಕಿಸಿಕೊಂಡಳು. 

ಅಲ್ಪವಿರಾಮ: ಅಲ್ಲ ಕಣೇ... ವಾರ್ಡಲ್ಲಿ ದಿನಕ್ಕೆ ಎಷ್ಟು ಎತ್ತುತಿದ್ದೆ?

ನರ್ಸಮ್ಮ: ಇಪ್ಪತ್ತು, ಇಪ್ಪತ್ತೈದು. ಯಾಕೆ?

ಅಲ್ಪವಿರಾಮ: ಏನಿಲ್ಲ. ಮೂವತ್ತನಾಲ್ಕು ವರ್ಷ ನೀನು ಮನೆಗೆ ಬಂದ ಕೂಡಲೇ ಕಾಫಿ ಮಾಡು ಅಂತಿದ್ನಲ್ಲ, ಅದಕ್ಕೆ ಕೇಳಿದೆ.

ನರ್ಸಮ್ಮಳ ಮುಖ ಮೆತ್ತಗಾಯಿತು. ನಲ್ಲಿ ತಿರುಗಿಸಿ ಪೈಪು ಹಿಡಿದು ಹತ್ತಿರ ಬಂದವಳು ಥಟ್ಟನೆ ನಿಂತಳು. ಬಗ್ಗಿ ಗಂಡನ ರೇನ್‌ಕೋಟನ್ನು ಮೂಸಿ ನೋಡಿದಳು. ಅಂಗೈಯಲ್ಲಿ ಒಂದು ಹನಿ ಹಿಡಿದು ಬೆಳಕಿಗೆ ಎತ್ತಿದಳು.

ನರ್ಸಮ್ಮ: ರೀ, ಇದು ಬರೀ ನೀರು.

ಅಲ್ಪವಿರಾಮ: ಹ್ಞಾಂ?

ನರ್ಸಮ್ಮ: ವಾಸನೆಗೆ ಹಾಕೋ ನೀಲಿ ಔಷಧಿ, ಮತ್ತೆ ನೀರು. ಇನ್ನೇನೂ ಇಲ್ಲ. ನನ್ನ ಕಣ್ಣು ತಪ್ಪಲ್ಲ. ನಿಮ್ಮದೆಲ್ಲಿ ಹೋಯ್ತು?

ಅಲ್ಪವಿರಾಮ: ನನ್ನದಾ? ನಿನ್ನದೆಲ್ಲಿ?

ನರ್ಸಮ್ಮ: ನಾನು ಮೊದಲು ಕೇಳಿದ್ದು.

ಅಲ್ಪವಿರಾಮ: ಅದು... ದಿನಾ ವಾಕಿಂಗ್ ಅಂತ ಹೋಗ್ತಿದ್ನಲ್ಲ, ಇದೇ ಸ್ನಾನದ ಮನೆ ಪಕ್ಕದ ಕಕ್ಕಸಿಗೆ. ಆಮೇಲೆ ಎತ್ತೋನು ನಾನೇ ತಾನೇ, ಹೊರೆ ಯಾಕೆ ಜಾಸ್ತಿ ಮಾಡ್ಕೋಬೇಕು ಅಂತ.

ನರ್ಸಮ್ಮ: ಮತ್ತೆ ಬಾಗಿಲು ಹಾಕ್ಕೊಂಡು ನಾಲ್ಕು ನಾಲ್ಕು ಸಲ ನೀರು ಬಿಡ್ತಿದ್ರಿ?

ಅಲ್ಪವಿರಾಮ: ಗಾಡೀಲಿ ಶೌಚಾಲಯ ಇರಲೇಬೇಕು ಅಂತ ಹಟ ಹಿಡಿದೋನು ನಾನು. ಉಪಯೋಗಿಸಲಿಲ್ಲ ಅಂದ್ರೆ ನೀನು ಬಿಡ್ತಿದ್ಯಾ? ಅದಕ್ಕೇ ಸುಮ್ನೆ ಸದ್ದಿಗೆ. ಅದು ಸರಿ, ನೀನೂ ಹಾಗೇ ಬಿಡ್ತಿದ್ಯಲ್ಲ?

ನರ್ಸಮ್ಮ: (ಪೈಪಿನ ಕಡೆ ನೋಡುತ್ತ) ಅಷ್ಟು ಆಸೆಯಿಂದ ತೋರಿಸಿದ್ರಿ. ಇಲ್ಲಿ ನನಗೆ ಮೊಣಕಾಲು ಮಡಚೋಕೂ ಜಾಗ ಇಲ್ಲ ಅಂದ್ರೆ ಬೇಜಾರು ಮಾಡ್ಕೋತೀರಿ ಅಂತ... ನಾನೂ ಒಳಗೆ ನಿಂತು ನೀರು ಬಿಟ್ಟು ಬರ್ತಿದ್ದೆ. ಬಟ್ಟೆ ಒಗೀತೀನಿ ಅಂತ ಇಲ್ಲಿಗೆ ಬರ್ತಿದ್ದೆ.

ಮಾಲಿ: (ಮರದ ಹಿಂದಿನಿಂದ ತಲೆ ಹಾಕಿ) ಅಂದ್ರೆ ಅದರಲ್ಲಿ ಯಾರದ್ದೂ ಇರಲಿಲ್ಲವಾ?

ನರ್ಸಮ್ಮ: ಇತ್ತಪ್ಪಾ. ಇಬ್ಬರೂ ಸೇರಿ ಮೂರು ದಿನ ತುಂಬಿಸಿದ್ದು ಬರೀ ಮರ್ಯಾದೆ. ಇಪ್ಪತ್ತು ಲೀಟರು!

ಅಲ್ಪವಿರಾಮರು ಈಜುಕನ್ನಡಕ ಹಣೆಗೇರಿಸಿದರು. ನೀಲಿ ನೀರು ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು. ಸ್ನಾನಕ್ಕೆಂದು ಟವೆಲು ಹೆಗಲಿಗೆ ಹಾಕಿಕೊಂಡು ಬಂದವರು ಏಳೆಂಟು ಜನ ಆಗಲೇ ಸುತ್ತ ನಿಂತು ನೋಡುತ್ತಿದ್ದರು.

ಅಲ್ಪವಿರಾಮ: (ಗಂಭೀರವಾಗಿ) ಏನಾದರೂ ಇರಲಿ. ಶರತ್ತಿನ ಪ್ರಕಾರ ತೆಗೆದದ್ದು ನಾನು ತಾನೇ?

ನರ್ಸಮ್ಮ: (ಪೈಪನ್ನು ಗಂಡನ ನೆತ್ತಿಯ ಮೇಲೆ ಹಿಡಿದು) ನೀವೇ ರೀ, ಇನ್ಯಾರು? ಇಷ್ಟು ಜನರ ಎದುರಿಗೆ ಮರ್ಯಾದೆ ತೆಗೆಯೋಕೆ ನಿಮ್ಮನ್ನ ಬಿಟ್ಟರೆ ಇನ್ಯಾರಿಂದ ಆಗುತ್ತೆ?