ಪಾಲಿಕಾರಪ್ಪನ ಸಾಲಿ

ಸಂತರ ಹೆಸರು ಹೇಳುವುದಕ್ಕೆ ಭಕ್ತಿಯೊಂದಿದ್ದರೆ ಸಾಕು, ನಾಲಗೆ ತಾನಾಗಿ ಹೊರಳುತ್ತದೆ ಎಂದು ನಾನು ನಂಬಿದ್ದೆ. ತೊಂಬತ್ತರ ದಶಕದಲ್ಲಿ ಮಗಳನ್ನು ಕ್ರೈಸ್ತ ಸನ್ಯಾಸಿನಿಯರ ಶಾಲೆಗೆ ಸೇರಿಸಲು ಹೊರಟಾಗ ಆ ನಂಬಿಕೆ ಹೋಯಿತು. ಶಾಲೆಯ ಹೆಸರು ಸೇಂಟ್ ಪಾಲಿಕಾರ್ಪ್. ಸಂದರ್ಶನ ತಂದೆ-ತಾಯಿಗೂ ಇತ್ತು, ಅದೂ ಇಂಗ್ಲಿಷಿನಲ್ಲಿ. ಕಮರಿಪೇಟೆಯ ಅರಳೆ ಅಂಗಡಿಯಲ್ಲಿ ಗುಮಾಸ್ತನಾಗಿದ್ದ ನಾನು ಎಂಟು ದಿನ ಬಚ್ಚಲಮನೆಯ ಬಾಗಿಲು ಹಾಕಿಕೊಂಡು ಅಭ್ಯಾಸ ಮಾಡಿದೆ. ಕಾದ ನೀರು ಆರಿತೇ ಹೊರತು ಉಚ್ಚಾರ ಕೂಡಲಿಲ್ಲ.

ಅಮ್ಮಿನಬಾವಿಯಿಂದ ಬಂದಿದ್ದ ಅವ್ವ ಹಣೆತುಂಬ ವಿಭೂತಿ ಹಚ್ಚಿಕೊಂಡು ತಾನೂ ಹೊರಟಳು. "ಕೂಸಿನ್ನ ಬಿಡೂ ಜಾಗಾ ನೋಡಬ್ಯಾಡೇನು?" ಬೇಡವೆನ್ನುವ ಧೈರ್ಯ ನನಗಾಗಲಿ ಹೆಂಡತಿಗಾಗಲಿ ಇರಲಿಲ್ಲ.

ಹಿರಿಯ ಸಿಸ್ಟರ್ ಕೇಳಿದ್ದಕ್ಕೆಲ್ಲ ನಾನು "ಯೆಸ್ ಸಿಸ್ಟರ್" ಎಂದೆ. ಮಗಳ ವಯಸ್ಸೆಷ್ಟು ಎಂದಾಗಲೂ ಅದನ್ನೇ ಹೇಳಿದೆನಂತೆ. ಆಗ ಅವ್ವ ಗೋಡೆಯ ಮೇಲಿದ್ದ ಗಡ್ಡದ ಮುದುಕನ ಚಿತ್ರ ತೋರಿಸಿ, "ಅಕ್ಕಾರ, ಈ ಪಾಲಿಕಾರಪ್ಪ ಯಾರ್ರಿ?" ಎಂದಳು. ನಾನು ಅವಳ ಸೆರಗು ಜಗ್ಗಿದೆ. ಸಿಸ್ಟರ್ ನಕ್ಕು ಕನ್ನಡಕ್ಕೆ ಇಳಿದರು. "ಭಾಳ ಹಿಂದಿನ ಸಂತರು, ಅಜ್ಜಿ. ಹಿಡಿಯಾಕ ಬಂದ ಸಿಪಾಯಿಗೋಳಿಗೆ ಮೊದಲ ಉಣ್ರಿ ಅಂತ ಊಟಾ ಹಾಕಿಸಿದ್ರು. ಆಮ್ಯಾಲೆ ಅವರ ಕೂಡ ಹೋಗಿ ಪ್ರಾಣಾ ಕೊಟ್ರು."

ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಚಿತ್ರಕ್ಕೆ ಕೈಮುಗಿದಳು. "ಕೊಲ್ಲಾಕ ಬಂದವರಿಗೂ ಉಣ್ಣಾಕಿಟ್ಟ ಅಂದಮ್ಯಾಲೆ ಅಂವಾ ನಮ್ಮ ಶರಣರ ಪೈಕೀನ ಬಿಡ್ರಿ."

ಸೀಟು ಸಿಕ್ಕಿತು. ನಾನು ಫಾರ್ಮು ತುಂಬಲು ಹೊರಗೆ ಹೋದೆ. ಅವ್ವ, ಹೆಂಡತಿ ಸಿಸ್ಟರ್ ಜೊತೆ ಮಾತಾಡುತ್ತ ಒಳಗೇ ಉಳಿದರು. ಸಿಸ್ಟರ್ ನನ್ನ ಇಂಗ್ಲಿಷಿಗೆ ಮೆಚ್ಚಿ ಸೀಟು ಕೊಟ್ಟರೆಂದು ಹತ್ತು ವರ್ಷ ಪೇಟೆಯಲ್ಲೆಲ್ಲ ಹೇಳಿಕೊಂಡು ತಿರುಗಿದೆ. ಅವ್ವ ಬದುಕಿದ್ದಷ್ಟು ದಿನ, "ಹೌದ್ರಿ, ನನ್ನ ಮಗಾ ಭಾಳ ಶಾಣ್ಯಾ" ಎಂದು ತಲೆದೂಗುತ್ತಿದ್ದಳು.

ಮಗಳು ಹತ್ತನೆಯ ತರಗತಿ ಮುಗಿಸಿದ ದಿನ, ಅಷ್ಟರಲ್ಲಿ ಸಾಕಷ್ಟು ಮುದುಕಿಯಾಗಿದ್ದ ಸಿಸ್ಟರ್ ನನ್ನನ್ನು ಕರೆದು ಅವ್ವನನ್ನು ನೆನೆದರು. "ಅವತ್ತ ನಿಮ್ಮ ಇಂಗ್ಲೀಷ ಕೇಳಿ ಸೀಟಿಲ್ಲ ಅನ್ನಾಕಿದ್ದೆ. ಅಂಥಾ ಅಜ್ಜಿ ಇರೂ ಮನಿ ಕೂಸಿಗೆ ಇಲ್ಲ ಅನ್ನಾಕ ಮನಸ್ಸಾಗಲಿಲ್ಲರಿ. ಅಜ್ಜಿಗೂ ಹಂಗ ಹೇಳಿದ್ದೆ."

ಮನೆಗೆ ಬಂದು ಸಿಸ್ಟರ್ ಹೇಳಿದ್ದನ್ನು ಹೆಂಡತಿಗೆ ಹೇಳಿದೆ. ರೊಟ್ಟಿ ಬಡಿಯುತ್ತಲೇ ಅವಳೆಂದಳು: "ನನಗೂ ಗೊತ್ತಿತ್ತರಿ. 'ಅಂವಗ ಹೇಳಬ್ಯಾಡವಾ, ಮಗಳ ಮುಂದ ಅವನ ಮಾರಿ ಸಣ್ಣಾಗಬಾರದು' ಅಂತ ಅತ್ತಿಯಾರು ಆಣಿ ಹಾಕಿಸಿದ್ರು."

ಏನೋ ಹೇಳಲು ಬಾಯಿ ತೆರೆದೆ. ಅಂದು ನನಗೆ ಕನ್ನಡವೂ ಬರಲಿಲ್ಲ.